ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ಕೇಳುತ್ತಿದ್ದಾರೆ: 1 ಕೊರಿಂಥ 6ನೇ ಅಧ್ಯಾಯವನ್ನು ನಾನು ಹೇಗೆ ಪಾಲಿಸಬೇಕು?

ಪ್ರಶ್ನೆ (ಧಾರವಾಡದ ಸಹೋದರಿ)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಕಳೆದ ವರ್ಷ ತೀರಿಕೊಂಡ ನಮ್ಮ ತಂದೆಯವರು ಉಯಿಲು ಬರೆದಿಟ್ಟಿರಲಿಲ್ಲ. ಅವರು ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ ಮತ್ತು ಊರ ಹೊರಗಿನ ಒಂದು ನಿವೇಶನ ಉಳಿದಿವೆ. ನನಗೆ ಇಬ್ಬರು ಅಣ್ಣಂದಿರು. ತಾಯಿಯವರು ದೊಡ್ಡಣ್ಣನ ಜೊತೆಯಲ್ಲಿದ್ದಾರೆ. ಮದುವೆಯಲ್ಲಿ ನನಗೆ ಬಂಗಾರ ಹಾಕಿ, ಖರ್ಚನ್ನೆಲ್ಲ ತಂದೆಯೇ ಭರಿಸಿದ್ದರಿಂದ ನನ್ನ ಪಾಲು ಅಲ್ಲಿಗೇ ತೀರಿತೆಂದೂ, ಈಗ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕೆಂದೂ ಅಣ್ಣಂದಿರು ಹೇಳುತ್ತಿದ್ದಾರೆ. ನಾನು ಒಪ್ಪದಿದ್ದಾಗ ಸಭೆಯ (ಚರ್ಚಿನ) ಹಿರಿಯರೊಬ್ಬರು ಮನೆಗೆ ಬಂದು ಬೈಬಲಿನ 1 ಕೊರಿಂಥ 6:7ನ್ನು ಓದಿ, ಸಹೋದರರ ಮೇಲೆ ನ್ಯಾಯಾಲಯಕ್ಕೆ ಹೋಗುವುದಕ್ಕಿಂತ ನಷ್ಟವನ್ನು ತಾಳಿಕೊಳ್ಳುವುದೇ ವಿಶ್ವಾಸಿಗೆ ತಕ್ಕದ್ದು ಎಂದರು. ಆ ವಾಕ್ಯವನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ, ಅಣ್ಣಂದಿರನ್ನು ಕಳೆದುಕೊಳ್ಳುವ ಇಚ್ಛೆಯೂ ಇಲ್ಲ. ಆದರೆ ಒಳಗೊಳಗೇ ನೋಯುತ್ತ ಹಾಕುವ ಸಹಿಯು ವಿಧೇಯತೆಯೋ ಭಯವೋ ಎಂಬುದು ತಿಳಿಯುತ್ತಿಲ್ಲ. ದಯವಿಟ್ಟು ವಾಕ್ಯದ ಆಧಾರದಿಂದ ತಿಳಿಸಿ.

ಉತ್ತರ (ನಿವೃತ್ತ ಸಭಾಪಾಲಕ)

ಪ್ರಿಯ ಸಹೋದರಿ, ಆ ಹಿರಿಯರು ಓದಿದ್ದು ಒಂದು ವಾಕ್ಯವನ್ನು. ನೀವು ಅದೇ ಅಧ್ಯಾಯವನ್ನು ಮೊದಲ ವಾಕ್ಯದಿಂದ ಎಂಟನೆಯದರವರೆಗೆ ಒಂದೇ ಬಾರಿಗೆ ಓದಿರಿ. ಐದನೆಯ ವಾಕ್ಯದಲ್ಲಿ, ಆ ಪತ್ರವನ್ನು ಬರೆದ ಅಪೊಸ್ತಲ ಪೌಲನು, ಸಹೋದರರ ನಡುವಿನ ವ್ಯಾಜ್ಯವನ್ನು ತೀರಿಸಬಲ್ಲ ಜ್ಞಾನಿಯೊಬ್ಬನೂ ನಿಮ್ಮಲ್ಲಿಲ್ಲವೇ ಎಂದು ಸಭೆಯನ್ನೇ ನಾಚಿಸುತ್ತಾನೆ. ಅಂದರೆ ನೊಂದವರ ದೂರನ್ನು ಕೇಳಿ ನ್ಯಾಯ ತೀರಿಸುವ ಹೊಣೆಯನ್ನು ಅವನು ಸಭೆಯ ಮೇಲೆ ಹೊರಿಸುತ್ತಾನೆಯೇ ಹೊರತು ದೂರು ಕೊಟ್ಟವರ ಬಾಯಿ ಮುಚ್ಚಿಸುವುದಿಲ್ಲ. ಎಂಟನೆಯ ವಾಕ್ಯದಲ್ಲಿ, ನೀವೇ ಅನ್ಯಾಯ ಮಾಡಿ ವಂಚಿಸುತ್ತೀರಿ, ಅದೂ ಸಹೋದರರನ್ನೇ, ಎಂದು ಗದರಿಸುತ್ತಾನೆ. ಏಳನೆಯ ವಾಕ್ಯವನ್ನು ತಂಗಿಗೆ ಓದಿ ಹೇಳಿದವರು ಎಂಟನೆಯದನ್ನು ಅಣ್ಣಂದಿರಿಗೆ ಓದಿ ಹೇಳಿದ್ದಾರೆಯೇ ಎಂದು ನೀವು ವಿನಯದಿಂದಲೇ ಕೇಳಬಹುದು. ನಷ್ಟ ತಾಳುವ ಕರೆಯನ್ನು ಕಳೆದುಕೊಳ್ಳುವವರಿಗೆ ಮಾತ್ರ ಸಾರಿ, ಪಡೆದುಕೊಳ್ಳುವವರನ್ನು ಸುಮ್ಮನೆ ಬಿಡುವುದು ನನ್ನ ದೃಷ್ಟಿಯಲ್ಲಿ ವಾಕ್ಯದ ದುರುಪಯೋಗ.

ಹೆಣ್ಣುಮಕ್ಕಳು ಪಾಲು ಕೇಳುವುದೇ ಅವಿಶ್ವಾಸವೆಂಬ ಭಾವನೆ ನಮ್ಮ ಸಭೆಗಳಲ್ಲಿ ಆಳವಾಗಿದೆ. ಅರಣ್ಯಕಾಂಡ 27ರಲ್ಲಿ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮತ್ತು ಸಮಸ್ತ ಸಮೂಹದವರ ಮುಂದೆ ನಿಂತು ತಂದೆಯ ಸ್ವಾಸ್ತ್ಯವನ್ನು (ಆಸ್ತಿಯ ಪಾಲನ್ನು) ಕೇಳಿದರು. ಅವರ ಮಾತು ನ್ಯಾಯವಾದದ್ದೆಂದು ಕರ್ತನು ತಾನೇ ಹೇಳಿದನು. ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲವಾದ್ದರಿಂದ ಆ ಪ್ರಕರಣ ನಿಮ್ಮದಕ್ಕೆ ಪೂರ್ತಿಯಾಗಿ ಹೊಂದದು. ಆದರೆ ಯೋಬ 42:15ರಲ್ಲಿ ಯೋಬನು ತನ್ನ ಹೆಣ್ಣುಮಕ್ಕಳಿಗೆ ಅವರ ಅಣ್ಣತಮ್ಮಂದಿರ ಮಧ್ಯದಲ್ಲಿಯೇ ಸ್ವಾಸ್ತ್ಯ ಕೊಟ್ಟನೆಂದಿದೆ.

ಉತ್ತರ (ಗದಗಿನಿಂದ ಒಬ್ಬ ಸಹೋದರ)

ಅಯ್ಯನವರ ಮಾತನ್ನು ಗೌರವಿಸುತ್ತಲೇ ಇನ್ನೊಂದು ಮಗ್ಗುಲನ್ನು ಹೇಳಬೇಕೆನಿಸುತ್ತದೆ. ಆದಿಕಾಂಡ 13ರಲ್ಲಿ ಅಬ್ರಾಮನು ಹಿರಿಯನಾಗಿದ್ದರೂ, ದೇಶವು ಅವನಿಗೇ ವಾಗ್ದಾನವಾಗಿದ್ದರೂ, ನಮ್ಮಲ್ಲಿ ಜಗಳವಿರಬಾರದು ಎಂದು ಹೇಳಿ ಆಯ್ಕೆಯನ್ನು ಲೋಟನಿಗೇ ಬಿಟ್ಟನು. ನಾನೂ ನನ್ನ ಪಾಲಿನ ಹೊಲವನ್ನು ಅನಾರೋಗ್ಯದಲ್ಲಿದ್ದ ತಮ್ಮನಿಗೆ ಬಿಟ್ಟುಕೊಟ್ಟಿದ್ದೇನೆ. ಇಂದಿಗೂ ನಮ್ಮ ಮಕ್ಕಳು ಒಂದೇ ಮನೆಯವರಂತೆ ಬೆಳೆಯುತ್ತಿದ್ದಾರೆ. ನ್ಯಾಯಾಲಯದಲ್ಲಿ ಗೆದ್ದ ಮೇಲೂ ಸಾವುನೋವಿಗೆ ಒಬ್ಬರ ಮನೆಗೆ ಒಬ್ಬರು ಹೋಗದ ಕುಟುಂಬಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ಬಿಟ್ಟುಕೊಡುವುದನ್ನು ಹೇಡಿತನವೆಂದು ಎಣಿಸಬೇಡಿರಿ. ಆದರೆ ನನ್ನನ್ನು ಯಾರೂ ಒತ್ತಾಯಿಸಿರಲಿಲ್ಲ, ಅಬ್ರಾಮನನ್ನೂ ಯಾರೂ ಒತ್ತಾಯಿಸಲಿಲ್ಲ. ಆ ಸ್ವಾತಂತ್ರ್ಯ ನಿಮಗಿಲ್ಲದಿರುವಾಗ ನನ್ನ ಉದಾಹರಣೆಯನ್ನು ನಿಮ್ಮ ಮೇಲೆ ಹೇರಲಾರೆ.

ಉತ್ತರ (ವಕೀಲೆ, ಬೆಂಗಳೂರು)

ಅಕ್ಕ, ನಿಮ್ಮದೆಷ್ಟು ಎಂಬುದು ಗೊತ್ತಿಲ್ಲದೆ ಅದನ್ನು ಬಿಟ್ಟುಕೊಡುವ ಬಗ್ಗೆ ಪ್ರಾರ್ಥಿಸುವುದೂ ಕಷ್ಟ. ಹಿಂದೂ ಉತ್ತರಾಧಿಕಾರ ಕಾಯ್ದೆಯಾಗಲಿ ಅದರ 2005ರ ತಿದ್ದುಪಡಿಯಾಗಲಿ ನಿಮಗೆ ಅನ್ವಯಿಸುವುದಿಲ್ಲ. ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇದೆ. ಅದರಲ್ಲಿ ಗಂಡುಮಕ್ಕಳು, ಹೆಣ್ಣುಮಕ್ಕಳು ಎಂಬ ಭೇದವಿಲ್ಲ. ಈಗ ಕೇರಳದಲ್ಲಿರುವ ತಿರುವಾಂಕೂರಿನಲ್ಲಿ ಕ್ರೈಸ್ತರಿಗಿದ್ದ ಹಳೆಯ ಕಾನೂನಿನಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು ಮಾತ್ರ ಸಿಗುತ್ತಿತ್ತು. ಮೇರಿ ರಾಯ್ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ ಅಲ್ಲಿಯ ಕ್ರೈಸ್ತರಿಗೂ 1925ರ ಕಾಯ್ದೆಯೇ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಮದುವೆಯ ಬಂಗಾರದ ವಾದಕ್ಕೂ ಈ ಕಾಯ್ದೆಯಲ್ಲಿ ಉತ್ತರವಿದೆ: ತಂದೆ ತಮ್ಮ ಜೀವಿತಕಾಲದಲ್ಲಿ ಮಗುವಿಗೆ ಕೊಟ್ಟದ್ದನ್ನು ಪಾಲಿನ ಲೆಕ್ಕಕ್ಕೆ ಹಿಡಿಯುವಂತಿಲ್ಲವೆಂದು 49ನೇ ಕಲಮು ಹೇಳುತ್ತದೆ.

ಇದುವರೆಗೆ ಯಾರೂ ಎತ್ತದ ಒಂದು ವಿಷಯವಿದೆ. ನಿಮ್ಮ ತಾಯಿಯವರಿಗೆ ಈ ಆಸ್ತಿಯಲ್ಲಿ ಮೂರನೆಯ ಒಂದು ಭಾಗ ಸೇರುತ್ತದೆ. ಉಳಿದ ಮೂರನೆಯ ಎರಡು ಭಾಗವನ್ನು ನೀವು ಮೂವರು ಸಮವಾಗಿ ಹಂಚಿಕೊಳ್ಳಬೇಕು, ಅಂದರೆ ತಲಾ 2/9. ತಾಯಿಯವರಿಂದಲೂ ಸಹಿ ಪಡೆಯುವ ಯೋಚನೆಯಿದೆಯೇ ಎಂದು ವಿಚಾರಿಸಿರಿ. ದೇವರಿಗೆ ಕಾಣಿಕೆಯೆಂಬ ನೆಪದಿಂದ ತಂದೆತಾಯಿಗಳ ಸಹಾಯವನ್ನು ತಪ್ಪಿಸುವವರನ್ನು ಯೇಸು ಮಾರ್ಕ 7ರಲ್ಲಿ ಎಷ್ಟು ಕಟುವಾಗಿ ಖಂಡಿಸಿದನೆಂಬುದು ನಿಮಗೆ ತಿಳಿದೇ ಇದೆ. ಬಿಡುಗಡೆ ಪತ್ರ ಒಮ್ಮೆ ನೋಂದಣಿಯಾದರೆ ಅದನ್ನು ರದ್ದುಪಡಿಸುವುದು ಬಹಳ ಕಷ್ಟವಾದ್ದರಿಂದ, ನಿರ್ಧಾರಕ್ಕೆ ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿರಿ. ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ. ಅದರ ಮೂಲಕ ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ರಾಜಿಗೆ ಯತ್ನಿಸಬಹುದು.

ಪ್ರಶ್ನೆ ಕೇಳಿದ ಸಹೋದರಿ

ತಾಯಿಯವರ ಪಾಲಿನ ವಿಷಯ ನಮ್ಮ ಮನೆಯಲ್ಲಿ ಇದುವರೆಗೆ ಬಂದೇ ಇಲ್ಲ. ನಿನ್ನೆ ಫೋನಿನಲ್ಲಿ ಕೇಳಿದಾಗ, ದೊಡ್ಡವನು ಹೇಳಿದಲ್ಲಿ ಸಹಿ ಹಾಕುತ್ತೇನಮ್ಮ, ನನಗೇನು ಬೇಕು, ಎಂದರು. ಈಗ ನನ್ನ ಪಾಲಿಗಿಂತ ಅವರ ಮುಂದಿನ ದಿನಗಳದ್ದೇ ಚಿಂತೆಯಾಗಿದೆ. ಅಯ್ಯನವರೇ, ಮಾತುಕತೆಯನ್ನು ಹೇಗೆ ಆರಂಭಿಸಲಿ?

ಉತ್ತರ (ನಿವೃತ್ತ ಸಭಾಪಾಲಕ)

ಮತ್ತಾಯ 18:15ರಿಂದ 17ರವರೆಗಿನ ಕ್ರಮವನ್ನೇ ಹಿಡಿಯಿರಿ. ಮೊದಲು ದೊಡ್ಡಣ್ಣನವರೊಡನೆ ನೀವೊಬ್ಬರೇ ಮಾತನಾಡಿರಿ. ನಿಮ್ಮ ಪಾಲಿನಿಂದಲ್ಲ, ತಾಯಿಯವರ ಪಾಲಿನಿಂದ ಆರಂಭಿಸಿರಿ. ಇಷ್ಟು ದಿನ ಅವರನ್ನು ನೋಡಿಕೊಂಡಿರುವ ಅಣ್ಣ ಅತ್ತಿಗೆಯರ ಸೇವೆಯನ್ನು ಬಾಯಿತುಂಬ ಒಪ್ಪಿಕೊಳ್ಳಿರಿ, ಏಕೆಂದರೆ ಅದು ಸತ್ಯ. ಅವರು ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗಿರಿ; ಆ ಇಬ್ಬರಲ್ಲಿ ಯಾರೂ ಅಣ್ಣಂದಿರ ಹಂಗಿನಲ್ಲಿ ಇರಬಾರದು, ನಿಮ್ಮ ಪತಿಯ ಕಡೆಯವರೂ ಆಗಿರಬಾರದು. ಆ ಬಳಿಕ ಸಭೆಯ ಮುಂದಿಡಿರಿ. ಸಭೆಯೂ ಕೈಚೆಲ್ಲಿದರೆ, ಯೆಹೂದ್ಯ ಮುಖಂಡರಿಂದ ನ್ಯಾಯ ಸಿಗದೆಂದು ಕಂಡಾಗ ಪೌಲನೇ ರೋಮಿನ ಚಕ್ರವರ್ತಿಯಾದ ಕೈಸರನಿಗೆ ಮೊರೆಯಿಟ್ಟದ್ದು ಅಪೊಸ್ತಲರ ಕೃತ್ಯಗಳು 25:11ರಲ್ಲಿದೆ. ತಾಯಿಯವರ ಪಾಲು ಅವರ ಹೆಸರಿನಲ್ಲಿ ಭದ್ರವಾದ ಮೇಲೆ ನಿಮ್ಮ 2/9ರಲ್ಲಿ ಎಷ್ಟನ್ನು ಬಿಟ್ಟುಕೊಡಬೇಕು, ಬಿಟ್ಟುಕೊಡಲೇಬೇಕೇ ಎಂಬುದನ್ನು ನೀವು ದೇವರ ಮುಂದೆ ತೀರ್ಮಾನಿಸಿರಿ. ಅದರಲ್ಲಿ ಆ ಹಿರಿಯರಿಗೂ ಅಧಿಕಾರವಿಲ್ಲ, ನನಗೂ ಇಲ್ಲ.