ಹಿಂದಿನ ಹೋಟೆಲಿನ ಬ್ಲೋವರ್ ಸದ್ದು: ಕಾಂಪೌಂಡ್ ಎತ್ತರಿಸಿದರೆ ಕಮ್ಮಿ ಆಗುತ್ತದಾ?

ಹಿತ್ತಲಮನೆ:
ನಮ್ಮದು ಮೈಸೂರು, ಕುವೆಂಪುನಗರ. ಹಿತ್ತಲಿನ ಕಾಂಪೌಂಡ್ ಆಚೆಗೆ ಮೇನ್ ರೋಡಿನ ಕಟ್ಟಡ. ಅಲ್ಲಿ ಹೋದ ವರ್ಷ ತಿಂಡಿ ಹೋಟೆಲ್ ಶುರುವಾಯಿತು, ಅಡುಗೆಮನೆ ಸರಿಯಾಗಿ ನಮ್ಮ ಕಡೆಗೇ. ಬೆಳಿಗ್ಗೆ ನಾಲ್ಕೂವರೆಗೆ ಬ್ಲೋವರ್ (ಅಡುಗೆಮನೆ ಹೊಗೆ ಹೊರಗೆ ತಳ್ಳೋ ದೊಡ್ಡ ಫ್ಯಾನ್) ಹಾಕುತ್ತಾರೆ, ಆಮೇಲೆ ಗ್ರೈಂಡರ್, ಆಮೇಲೆ ಪಾತ್ರೆ. ಪಾತ್ರೆ ಸದ್ದು ಬಂದು ಹೋಗುತ್ತದೆ. ಬ್ಲೋವರ್ ಮಾತ್ರ ರಾತ್ರಿ ಹನ್ನೊಂದರವರೆಗೂ ಗುಂಯ್ ಅನ್ನುತ್ತಲೇ ಇರುತ್ತದೆ. ಮಗಳು ಸೆಕೆಂಡ್ ಪಿಯುಸಿ, ಮಹಡಿ ಮೇಲಿನ ರೂಮಿನಲ್ಲಿ ಓದುತ್ತಾಳೆ. ಅಲ್ಲಿನ ಕಿಟಕಿ ಗಾಜಿನ ಮೇಲೆ ಬೆರಳಿಟ್ಟರೆ ನಡುಕ ಗೊತ್ತಾಗುತ್ತದೆ.

ಓನರ್ ಒಳ್ಳೆಯ ಮನುಷ್ಯರೇ, ಜಗಳ ಆಡೋಕೆ ಇಷ್ಟ ಇಲ್ಲ. ಈಗ 5 ಅಡಿ ಕಾಂಪೌಂಡ್ ಇದೆ. ಅದರ ಮೇಲೆ ಇನ್ನೊಂದು 3 ಅಡಿ ತಗಡಿನ ಶೀಟ್ ಹಾಕಿಸಿ, ಮುಂದೆ ಸಾಲಾಗಿ ಅಶೋಕ ಗಿಡ ನೆಟ್ಟರೆ ಸಾಕಾ? ಖರ್ಚು ಮಾಡೋ ಮೊದಲು ತಿಳಿದವರು ಹೇಳಿ.

ಡಕ್ಟ್ ಕೆಲಸದವ:
ಮೇಡಂ, ಮೊದಲು ಒಂದು ಕೆಲಸ ಮಾಡಿ. ಮಗಳ ರೂಮಿನ ಕಿಟಕಿ ಹತ್ತಿರ ನಿಂತು ನೋಡಿ, ಬ್ಲೋವರ್ ಕಣ್ಣಿಗೆ ಕಾಣಿಸುತ್ತದಾ? 8 ಅಡಿ ಗೋಡೆ ಆದಮೇಲೂ ಕಾಣಿಸುತ್ತದೆ ಅನ್ನೋ ಹಾಗಿದ್ದರೆ ಆ ಗೋಡೆಯಿಂದ ಮಹಡಿಗೆ ಏನೂ ಪ್ರಯೋಜನ ಇಲ್ಲ. ಸದ್ದು ಮಾಡೋ ಯಂತ್ರಕ್ಕೂ ಕಿವಿಗೂ ನಡುವೆ ನೇರ ನೋಟ ತಪ್ಪಿದಾಗಲೇ ಗೋಡೆ ಕೆಲಸ ಮಾಡೋದು, ಅದೂ ಶುರುವಿನಲ್ಲಿ ಸುಮಾರು 5 ಡೆಸಿಬಲ್ ಅಷ್ಟೇ ಇಳಿಯುತ್ತದೆ. ಕೆಳಗಿನ ಅಡುಗೆಮನೆ, ಹಿತ್ತಲಿಗೆ ಸ್ವಲ್ಪ ಉಪಯೋಗ ಆಗಬಹುದು. ಆದರೆ ತಗಡು ಬೇಡ, ಅದು ತಾನೇ ಅದುರುತ್ತದೆ. ಸಾಲಿಡ್ ಬ್ಲಾಕ್ ಕಟ್ಟಿಸಿ, ಸಂದಿ ಬಿಡದೆ ಗಾರೆ ಹಾಕಿಸಿ. ಹಳೇ ಪಾಯ ಆ ಭಾರ ತಡೆಯುತ್ತದಾ ಅಂತ ಮೇಸ್ತ್ರಿಗೆ ತೋರಿಸಿ.

ಗಿಡದ ವಿಷಯ: ಹೊಗೆ ಹಿಡಿದ ಚಿಮಣಿ ಕಣ್ಣಿಗೆ ಬೀಳದ ಹಾಗೆ ಮರೆ ಆಗುತ್ತದೆ, ಮನಸ್ಸಿಗೆ ಹಿತ, ಖಂಡಿತ ನೆಡಿ. ಸದ್ದಿಗೆ ಮಾತ್ರ ಒಂದು ಸಾಲು ಗಿಡ ಏನೂ ಮಾಡಲ್ಲ. ಸುಮಾರು 60 ಮೀಟರ್ ಅಗಲಕ್ಕೆ ದಟ್ಟ ಮರಗಳಿದ್ದರೆ 10 ಡೆಸಿಬಲ್ ಇಳಿಯಬಹುದು, ಸೈಟುಗಳಲ್ಲಿ ಅಷ್ಟು ಜಾಗ ಎಲ್ಲಿ?

ನನ್ನ ಪ್ರಕಾರ ನಿಮ್ಮ ದುಡ್ಡು ಗೋಡೆಗೆ ಹೋಗಬಾರದು. ಬ್ಲೋವರ್ ಹತ್ತಿರವೇ ಸರಿಮಾಡಬೇಕು. ಗಾಜು ನಡುಗುತ್ತಿದೆ ಅಂದರೆ ಫ್ರೇಮನ್ನು ನೇರವಾಗಿ ಸ್ಲ್ಯಾಬಿಗೋ ಶೀಟಿಗೋ ಬೋಲ್ಟ್ ಮಾಡಿರಬಹುದು, ಇಲ್ಲವೇ ರೆಕ್ಕೆಗೆ ಜಿಡ್ಡು ಮೆತ್ತಿ ಬ್ಯಾಲೆನ್ಸ್ ತಪ್ಪಿರಬಹುದು. ಎರಡನೆಯದನ್ನು ನಾನು ಎಷ್ಟು ಹೋಟೆಲುಗಳಲ್ಲಿ ನೋಡಿದ್ದೇನೋ ಲೆಕ್ಕ ಇಲ್ಲ. ರೆಕ್ಕೆ ತೊಳೆದು, ಬೇರಿಂಗ್ ಬೆಲ್ಟ್ ನೋಡಿ, ಕೆಳಗೆ ರಬ್ಬರ್ ಪ್ಯಾಡ್ ಕೊಟ್ಟು, ಬ್ಲೋವರಿಗೂ ಡಕ್ಟಿಗೂ (ಹೊಗೆ ಹೋಗೋ ಕೊಳವೆ) ನಡುವೆ ಬೆಂಕಿ ತಡೆಯೋ ಬಟ್ಟೆಯ ಜಾಯಿಂಟ್ ಹಾಕಿ, ಡಕ್ಟಿನ ಬಾಯಿ ರಸ್ತೆ ಕಡೆಗೆ ತಿರುಗಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ದಾವಣಗೆರೆ ಹೋಟೆಲ್:
ನಾನು ಆ ಕಡೆಯವನು, ಅಂದರೆ ಹೋಟೆಲ್ ನಡೆಸುವವನು. ಅಕ್ಕಾ, ಓನರನ್ನು ಒಂದು ಸಲ ನಿಮ್ಮ ಮನೆಗೆ ಕರೆಯಿರಿ. ನಮ್ಮ ಪಕ್ಕದ ಮನೆ ಅಜ್ಜಿ ನನ್ನನ್ನು ಬೆಳಿಗ್ಗೆ ಐದಕ್ಕೆ ಕರೆದು ತಮ್ಮ ಮಂಚದ ಮೇಲೆ ಕೂರಿಸಿದ್ದರು, ಒಂದು ಮಾತೂ ಆಡಲಿಲ್ಲ. ಒಳಗೆ ಒಲೆ ಮುಂದೆ ನಿಂತವನಿಗೆ ಆ ಸದ್ದು ಕೇಳಿಸುವುದೇ ಇಲ್ಲ, ಅವತ್ತು ನನಗೆ ನಿಜವಾಗಿ ಬೇಜಾರಾಯಿತು. ಆ ವಾರವೇ ಹಿಟ್ಟು ರುಬ್ಬೋದನ್ನು ಹಿಂದಿನ ಸಂಜೆಗೆ ಹಾಕಿಕೊಂಡೆ. ಪಾತ್ರೆ ತೊಳೆಯೋ ಕಲ್ಲಿನ ಮೇಲೆ ರಬ್ಬರ್ ಮ್ಯಾಟ್ ಹಾಸಿದೆ. ಬ್ಲೋವರಿಗೆ ವೇಗ ಕಮ್ಮಿ ಮಾಡೋ ಡ್ರೈವ್ ಹಾಕಿಸಿದ್ದು ಆಮೇಲೆ. ಬೆಳಿಗ್ಗೆ ಬರೀ ಇಡ್ಲಿ ಬೇಯುವಾಗ ಪೂರ್ತಿ ವೇಗ ಬೇಕಾಗಿಲ್ಲ, ದೋಸೆ ಕಲ್ಲು ಕಾದಮೇಲೆ ಬೇಕು. ಕರೆಂಟ್ ಬಿಲ್ಲೂ ಇಳಿಯಿತು, ಇದನ್ನು ನಿಮ್ಮ ಓನರಿಗೆ ಮರೆಯದೆ ಹೇಳಿ.

ಮಾತಿಗೆ ಬಗ್ಗದಿದ್ದರೆ:
ಮಾತು ಮೊದಲು, ಸರಿ. ಆದರೆ ಕಾನೂನೂ ಗೊತ್ತಿರಲಿ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಹಾಗಾಗಿ ನಿಮ್ಮ ನಾಲ್ಕೂವರೆ ಬ್ಲೋವರ್ ರಾತ್ರಿ ಲೆಕ್ಕಕ್ಕೇ ಬರುತ್ತದೆ. ಮಿತಿಗಿಂತ 10 ಡೆಸಿಬಲ್ ಅಥವಾ ಜಾಸ್ತಿ ಇದ್ದರೆ ದೂರು ಕೊಡಬಹುದು. ವಾಣಿಜ್ಯ ಪ್ರದೇಶಕ್ಕೆ ಮಿತಿ 65 ಮತ್ತು 55. ನಿಮ್ಮ ಜಾಗ ಯಾವುದರಲ್ಲಿ ಬರುತ್ತದೆ ಅನ್ನೋದನ್ನು ಮೊದಲು ವಿಚಾರಿಸಿ, ವಾದ ಅಲ್ಲೇ ಶುರುವಾಗುತ್ತದೆ. ಮೊಬೈಲ್ ಆ್ಯಪ್ ಅಳತೆ ಸಾಕ್ಷಿಯಾಗಿ ನಿಲ್ಲುವುದು ಕಷ್ಟ, ಆದರೂ ಎರಡು ವಾರ ದಿನ, ಗಂಟೆ, ಎಷ್ಟು ಹೊತ್ತು ಅಂತ ಬರೆದಿಡಿ. ಟ್ರೇಡ್ ಲೈಸೆನ್ಸ್ ವಿಷಯಕ್ಕೆ ಪಾಲಿಕೆಯ ಆರೋಗ್ಯ ವಿಭಾಗ, ಸದ್ದಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ತಗೊಳ್ಳಿ.

ಹಿತ್ತಲಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಹಡಿ ಕಿಟಕಿಯಿಂದ ನೋಡಿದೆ, ಬ್ಲೋವರ್ ಪೂರ್ತಿ ಕಾಣಿಸುತ್ತದೆ. ಶೀಟಿನವರಿಗೆ ಬೇಡ ಅಂದುಬಿಟ್ಟೆ. ಓನರ್ ಭಾನುವಾರ ಬೆಳಿಗ್ಗೆ ಐದಕ್ಕೆ ಬರಲು ಒಪ್ಪಿದ್ದಾರೆ, ಮಗಳ ರೂಮಿನಲ್ಲೇ ಕಾಫಿ ಕೊಡುತ್ತೇನೆ. ಡಕ್ಟ್ ಕೆಲಸದವರೇ, ರಬ್ಬರ್ ಪ್ಯಾಡನ್ನು ಬ್ಲೋವರಿನ ತೂಕ ನೋಡಿ ತರಬೇಕಾ, ಅಥವಾ ಯಾವುದಾದರೂ ಆಗುತ್ತದಾ?

ಡಕ್ಟ್ ಕೆಲಸದವ:
ತೂಕ ನೋಡಿಯೇ ತರಬೇಕು ಮೇಡಂ. ಭಾರಕ್ಕೆ ಪೂರ್ತಿ ಅಪ್ಪಚ್ಚಿ ಆದರೆ ಪ್ಯಾಡ್ ಇದ್ದೂ ಇಲ್ಲದ ಹಾಗೆ. ಮೋಟಾರಿನ ಪ್ಲೇಟ್ ಫೋಟೋ ತೆಗೆದು ಹಾಕಿ, ಯಾವುದು ಅಂತ ಹೇಳುತ್ತೇನೆ.