ಜೆಟ್ಟಿ ಮಾವೆನ್ ಪ್ಲಗಿನ್‌ಗೆ ಎಸ್‌ಎಸ್‌ಎಲ್: ಎಕ್ಸ್‌ಎಂಎಲ್ ಬರೀಬೇಕಾ, ಮುಂದೆ ಎಂಜಿನ್‌ಎಕ್ಸ್ ಇಡ್ಬೇಕಾ?

ಜಾವಾಜೀವಿ: ಹಳೇ ಜಾವಾ ಪ್ರಾಜೆಕ್ಟು, ವೆಬ್ ಸರ್ವರ್ ಜೆಟ್ಟಿ, ಅದನ್ನ ಮಾವೆನ್ ಬಿಲ್ಡ್ ಟೂಲಿನ ಪ್ಲಗಿನ್ ಎಬ್ಬಿಸುತ್ತೆ. ಜೆಟ್ಟಿ 6 ಇದ್ದಾಗ ಮಾವೆನ್‌ನ ಸೆಟ್ಟಿಂಗ್ ಇರೋ ಪಾಮ್ ಫೈಲಲ್ಲೇ ಕನೆಕ್ಟರ್ಸ್ ಟ್ಯಾಗ್ (ಯಾವ ಪೋರ್ಟಲ್ಲಿ ಕೇಳ್ಬೇಕು ಅನ್ನೋದು) ಹಾಕಿ 8443 ಪೋರ್ಟ್‌ಗೆ ಎಸ್‌ಎಸ್‌ಎಲ್ (ಎಚ್‌ಟಿಟಿಪಿಎಸ್‌ಗೆ ಬೇಕಾದ ಎನ್‌ಕ್ರಿಪ್ಶನ್) ಕೊಟ್ಟಿದ್ರು, ಈಗ ಜೆಟ್ಟಿ 10ಕ್ಕೆ ಹೋದ್ಮೇಲೆ ಅದನ್ನ ಕೇಳೋರೇ ಇಲ್ಲ, ಬರೀ 8080 ಏಳುತ್ತೆ. ನಮ್ಮ ಲಾಗಿನ್ ಸರ್ವರ್ ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ಕಾಲ್‌ಬ್ಯಾಕ್ (ಲಾಗಿನ್ ಆದ್ಮೇಲೆ ವಾಪಸ್ ಬರೋ ವಿಳಾಸ) ಒಪ್ಪಲ್ಲ. ಏನ್ ಮಾಡ್ಲಿ?

ಬಯಲುಸೀಮೆ: ಜೆಟ್ಟಿ 9ರಿಂದ ಪಾಮಲ್ಲಿ ಸಾದಾ ಎಚ್‌ಟಿಟಿಪಿ ಕನೆಕ್ಟರ್ ಮಾತ್ರ. ಎಸ್‌ಎಸ್‌ಎಲ್‌ಗೆ ಜೆಟ್ಟಿ ಎಕ್ಸ್‌ಎಂಎಲ್, ಆಮೇಲೆ ಎಸ್‌ಎಸ್‌ಎಲ್‌ದು, ಆಮೇಲೆ ಎಚ್‌ಟಿಟಿಪಿಎಸ್‌ದು, ಮೂರೂ ಫೈಲು ಪ್ಲಗಿನ್‌ಗೆ ಇದೇ ಆರ್ಡರಲ್ಲಿ ಕೊಡ್ಬೇಕು, ಯಾಕಂದ್ರೆ ಮೊದಲ್ನೇದ್ರಲ್ಲಿ ಇಟ್ಟ ಐಡಿನ ಮುಂದಿನವು ಹುಡುಕ್ತವೆ.

ಹುಬ್ಳಿ ಹುಡ್ಗ: ಇಷ್ಟ್ ಎಕ್ಸ್‌ಎಂಎಲ್ ಯಾಕ್ ಬರೀತೀರ್ರಿ? ಮುಂದ ಎಂಜಿನ್‌ಎಕ್ಸ್ ಅನ್ನೋ ಇನ್ನೊಂದ್ ವೆಬ್ ಸರ್ವರ್ ಕುಂದ್ರಿಸ್ರಿ, ಸರ್ಟಿಫಿಕೇಟ್ ಅದರ ಕಡೆ ಇರ್ಲಿ, ಜೆಟ್ಟಿ ತನ್ನ ಪಾಡಿಗೆ 8080ದಾಗ ಓಡ್ತೈತಿ. ಪ್ರೊಡಕ್ಷನ್‌ನಾಗೂ ಭಾಳ ಕಡೆ ಹಿಂಗ ಇರ್ತದ.

ಬಯಲುಸೀಮೆ: ಪ್ರೊಡಕ್ಷನ್‌ಗೆ ಸರಿ ರೀ, ಒಪ್ತೀನಿ. ಆದ್ರೆ ಹೊಸದಾಗಿ ಸೇರಿದ ಹುಡುಗಿ ಕೋಡ್ ಇಳಿಸ್ಕೊಂಡು ಒಂದೇ ಕಮಾಂಡ್ ಹೊಡೆದ್ರೆ ಸರ್ವರ್ ಏಳ್ಬೇಕು, ಅದಕ್ಕೇ ಅಲ್ವಾ ಪ್ಲಗಿನ್ ಇರೋದು? ಮೇಲಾಗಿ ಹಿಂದಿರೋ ಜೆಟ್ಟಿಗೆ ಹೊರಗಡೆ ಎಚ್‌ಟಿಟಿಪಿಎಸ್ ಅಂತ ಗೊತ್ತೇ ಆಗಲ್ಲ, ರೀಡೈರೆಕ್ಟ್ ಎಲ್ಲಾ ಎಚ್‌ಟಿಟಿಪಿಗೇ ಕಳಿಸುತ್ತೆ. ಎಂಜಿನ್‌ಎಕ್ಸ್ ಹೊರಗಿನ ವಿಳಾಸ ಹೇಳಿ ಕಳಿಸೋ ಫಾರ್ವರ್ಡೆಡ್ ಹೆಡರ್ ಓದೋ ಕಸ್ಟಮೈಸರ್ ಜೆಟ್ಟಿಗೆ ಸೇರಿಸ್ಬೇಕು, ಅದಕ್ಕೂ ಅದೇ ಎಕ್ಸ್‌ಎಂಎಲ್ಲೇ ಬೇಕು!

ಹುಬ್ಳಿ ಹುಡ್ಗ: ಹೆಡರ್ ಮಾತು ಖರೆ. ಆದ್ರ ಒಂದೇ ಕಮಾಂಡಿಗೆ ಏಳ್ಲಿ ಅಂತ ಕೀಸ್ಟೋರ್ (ಸರ್ಟಿಫಿಕೇಟ್, ಅದರ ಕೀ ಇರೋ ಫೈಲ್) ಕೋಡ್ ಜೊತಿ ಗಿಟ್‌ನಾಗ ಹಾಕ್ತೀರಲ್ಲ, ಅದಕ್ಕ ನನ್ನ ಪೂರ್ತಿ ವಿರೋಧ ಐತಿ.

ಕರಾವಳಿ ಬೈಟ್: ಅದಕ್ಕೆ ನನ್ನದೂ ವಿರೋಧವೇ. ಕೀಸ್ಟೋರ್ ಪಾಸ್‌ವರ್ಡನ್ನು ಜೆಟ್ಟಿಯ ಓಬಿಎಫ್ ಅನ್ನೋ ರೂಪದಲ್ಲಿ ಬರೆದ್ರೆ ಸೇಫ್ ಅಂತ ತುಂಬಾ ಜನ ನಂಬಿದ್ದಾರೆ, ಅದು ಬರೀ ಕಣ್ಣಿಗೆ ಮರೆ, ಯಾರು ಬೇಕಾದ್ರೂ ವಾಪಸ್ ತೆಗೀಬಹುದು. ಪ್ರತಿಯೊಬ್ರೂ ಅವರವರ ಮಷೀನಲ್ಲಿ ಎಂಕೆಸರ್ಟ್ (ಲೋಕಲ್ ಸರ್ಟಿಫಿಕೇಟ್ ಮಾಡೋ ಟೂಲ್) ಹಾಕಿ ಪಿಕೆಸಿಎಸ್12 ಕೀಸ್ಟೋರ್ ಫೈಲ್ ಮಾಡ್ಕೊಳ್ಳಿ, ಬ್ರೌಸರ್ ಕೆಂಪು ವಾರ್ನಿಂಗೂ ಕೊಡಲ್ಲ. ಎಂಕೆಸರ್ಟ್ ಸಹಿ ಹಾಕೋಕೆ ಬಳಸೋ ರೂಟ್ ಕೀ ಮಾತ್ರ ದಯವಿಟ್ಟು ಯಾರಿಗೂ ಕಳಿಸ್ಬೇಡಿ, ಅದು ಸಿಕ್ಕವ್ರು ನಿಮ್ಮ ಮಷೀನ್ ನಂಬೋ ಹಾಗೆ ಯಾವ ಸೈಟಿನ ಹೆಸ್ರಲ್ಲಾದ್ರೂ ಸರ್ಟಿಫಿಕೇಟ್ ಮಾಡ್ಬಹುದು. ಜಾವಾ ಜೊತೆ ಬರೋ ಕೀಟೂಲೇ ಸಾಕು ಅನ್ನೋರು ಎಸ್‌ಎಎನ್ (ಸರ್ಟಿಫಿಕೇಟಲ್ಲಿರೋ ಹೋಸ್ಟ್ ಹೆಸ್ರುಗಳ ಪಟ್ಟಿ) ಮರೀಬೇಡಿ, 2017ರಲ್ಲಿ ಕ್ರೋಮ್ 58 ಬಂದಾಗಿಂದ ಸರ್ಟಿಫಿಕೇಟಲ್ಲಿ ಕಾಮನ್ ನೇಮ್ ಅನ್ನೋ ಹಳೇ ಹೆಸ್ರಿನ ಜಾಗ ಒಂದೇ ತುಂಬಿದ್ರೆ ನಡೆಯಲ್ಲ.

ಜಾವಾಜೀವಿ: ಎಂಕೆಸರ್ಟಲ್ಲಿ ಮಾಡಿದೆ, 8443 ಎದ್ದಿದೆ. ಲೋಕಲ್‌ಹೋಸ್ಟ್ ಸರಿ ಬರುತ್ತೆ, ಆದ್ರೆ ಟೆಸ್ಟಿಂಗ್ ಟೀಮ್‌ನವ್ರು ನನ್ನ ಮಷೀನ್ ಹೆಸ್ರಲ್ಲಿ ತೆಗೆದ್ರೆ 400, ಇನ್‌ವ್ಯಾಲಿಡ್ ಎಸ್‌ಎನ್‌ಐ (ಬ್ರೌಸರ್ ಕೇಳೋ ಹೋಸ್ಟ್ ಹೆಸ್ರು) ಅಂತಿದೆ.

ಬಯಲುಸೀಮೆ: ಬ್ರೌಸರ್ ಕೇಳಿದ ಹೆಸ್ರು ಸರ್ಟಿಫಿಕೇಟಲ್ಲಿ ಇದ್ಯಾ ಅಂತ ಜೆಟ್ಟಿ 10 ತಾಳೆ ನೋಡುತ್ತೆ. ಎಸ್‌ಎನ್‌ಐ ಹೋಸ್ಟ್ ಚೆಕ್ ಆಫ್ ಮಾಡು ಅಂತ ಎಲ್ಲಾ ಕಡೆ ಸಲಹೆ ಸಿಗುತ್ತೆ, ಮಾಡ್ಬೇಡಿ, ಆ ಸಾಲು ಹಾಗೇ ಪ್ರೊಡಕ್ಷನ್‌ಗೂ ಹೋಗ್ಬಿಡುತ್ತೆ. ಮಷೀನ್ ಹೆಸ್ರೂ ಸೇರಿಸಿ ಸರ್ಟಿಫಿಕೇಟ್ ಇನ್ನೊಂದ್ಸಲ ಮಾಡಿ.