ಸಫೋಕ್‌ನ ಹೊಲದ ನಡುವೆ ಚೌಕಾಕಾರದ ಕಂದಕ: ಒಳಗೆ ಏನಿತ್ತು?

ಸಫೋಕ್ ಕನ್ನಡಿಗ:
ನಮಸ್ಕಾರ. ಇಂಗ್ಲೆಂಡಿನ ಸಫೋಕ್‌ನಲ್ಲಿ ನಾವಿರುವ ಕಡೆ ಗೋಧಿ ಹೊಲಗಳ ನಡುವಿನ ಕಾಲುದಾರಿ ಪಕ್ಕ ಒಂದು ಮರಗಳ ಗುಂಪಿದೆ. ಅದರ ಸುತ್ತ ಚೌಕಾಕಾರದ ಕಂದಕ, ಒಂದು ಬದಿಯಲ್ಲಿ ಈಗಲೂ ನೀರು ನಿಂತಿದೆ. ಒಎಸ್ ಮ್ಯಾಪಿನಲ್ಲಿ (ಆರ್ಡ್‌ನೆನ್ಸ್ ಸರ್ವೆಯ ಸರ್ಕಾರಿ ನಕ್ಷೆ) ಪುರಾತನ ಜಾಗಗಳಿಗೆ ಬಳಸುವ ಗಾಥಿಕ್ ಅಕ್ಷರದಲ್ಲಿ ಗುರುತು ಮಾಡಿದ್ದಾರೆ, ಸಂರಕ್ಷಿತ ಸ್ಮಾರಕವಂತೆ. ಆದರೆ ಒಳಗೆ ಒಂದು ಕಲ್ಲೂ ಕಾಣುವುದಿಲ್ಲ. ಕೋಟೆ ಇತ್ತಾ? ಮಗಳಿಗೆ ಮೆಟಲ್ ಡಿಟೆಕ್ಟರ್ ಕೊಡಿಸಿದ್ದೇವೆ, ಅಲ್ಲಿ ಹುಡುಕಬಹುದಾ?

ಮಣ್ಣುಗೆರೆ:
ಡಿಟೆಕ್ಟರ್ ದಯವಿಟ್ಟು ಬೇಡ. 1979ರ ಪುರಾತನ ಸ್ಮಾರಕ ಕಾಯ್ದೆ ಪ್ರಕಾರ, ಸ್ಮಾರಕಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್‌ನ ಲಿಖಿತ ಅನುಮತಿ ಇಲ್ಲದೆ ಸಂರಕ್ಷಿತ ಜಾಗದಲ್ಲಿ ಅದನ್ನು ಬಳಸುವುದೇ ಅಪರಾಧ, ಹೊಲದ ಮಾಲೀಕರು ಹೂಂ ಅಂದರೂ ಸಾಲದು.

ಕೋಟೆ ಅಲ್ಲ, ಮನೆ ಇತ್ತು. ಇಂಗ್ಲೆಂಡಿನಲ್ಲಿ ಇಂಥ ಜಾಗಗಳು ಸುಮಾರು 6,000 ಇವೆ, ಹೆಚ್ಚಿನವು 1250ರಿಂದ 1350ರ ನಡುವಿನವು. ಸಣ್ಣ ಜಮೀನ್ದಾರರು, ಕೆಲವು ಕಡೆ ಅನುಕೂಲಸ್ಥ ರೈತರು ಕಟ್ಟಿಕೊಂಡಿದ್ದು. ಮರದ ಚೌಕಟ್ಟು ನಿಲ್ಲಿಸಿ, ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ ಮಾಡುತ್ತಿದ್ದರು, ಅದಕ್ಕೇ ಮೇಲೆ ಏನೂ ಉಳಿದಿಲ್ಲ.

ಸಫೋಕ್ ಕನ್ನಡಿಗ:
ಸರಿ, ಡಿಟೆಕ್ಟರ್ ಒಯ್ಯುವುದಿಲ್ಲ. ಆದರೆ ಯುದ್ಧದ ಭಯ ಇಲ್ಲದಿದ್ದರೆ ಸುಮ್ನೆ ಅಷ್ಟು ಅಗೆಯುತ್ತಾರಾ?

ಹಳೇ ದಾರಿ:
ಅಂತಸ್ತು ತೋರಿಸುವುದಕ್ಕೇ ಜಾಸ್ತಿ. ದೊಡ್ಡ ದೊರೆಗಳ ಕೋಟೆಗೆ ಕಂದಕ ಇತ್ತಲ್ಲ, ತಮಗೂ ಇರಲಿ ಅಂತ. ಜೊತೆಗೆ ಕಳ್ಳರು ಸುಲಭವಾಗಿ ದಾಟುವುದಿಲ್ಲ, ಮೀನು ಸಾಕಬಹುದು. ಸಫೋಕ್, ಎಸೆಕ್ಸ್ ಕಡೆ ಇವು ತುಂಬ ಇರುವುದಕ್ಕೆ ಅಲ್ಲಿನ ಜೇಡಿಮಣ್ಣೂ ಕಾರಣ, ನೀರು ಇಂಗದೆ ನಿಲ್ಲುತ್ತದೆ.

ನನಗೆ ಆ ನಿಂತ ನೀರಿನದ್ದೇ ಚಿಂತೆ. ಅದರ ತಳದ ಕೆಸರಿಗೆ ಗಾಳಿ ತಾಗುವುದಿಲ್ಲ, ಹಾಗಾಗಿ ಬೇರೆ ಕಡೆ ಯಾವತ್ತೋ ಕೊಳೆತುಹೋಗುವ ಮರದ ತುಂಡು, ಚರ್ಮದ ಚಪ್ಪಲಿ, ಬೀಜ, ಹೂವಿನ ಪರಾಗ ಕೂಡ ಏಳುನೂರು ವರ್ಷ ಹಾಗೇ ಉಳಿಯಬಹುದು, ಅವರು ಏನು ಬೆಳೆದರು, ಏನು ತಿಂದರು ಅನ್ನುವುದು ಅದರಿಂದಲೇ ತಿಳಿಯುವುದು. ಯಾರೋ ಜೆಸಿಬಿ ತಂದು ಹೂಳೆತ್ತಿಸಿದರೆ, ಇಲ್ಲವೇ ನೀರು ಬಸಿದರೆ ಎಲ್ಲಾ ಹೋಯಿತು! ಖಾಲಿ ಗುಂಡಿಯಂತೆ ಕಂಡರೂ ಸ್ಮಾರಕ ಅಂತ ಕಾಯುವುದು ಅದಕ್ಕೇ.

ಮಣ್ಣುಗೆರೆ:
ಮಗಳಿಗೆ ಎನ್ವಿರಾನ್ಮೆಂಟ್ ಏಜೆನ್ಸಿಯ ಲೈಡಾರ್ ನಕ್ಷೆ (ವಿಮಾನದಿಂದ ಲೇಸರ್ ಬಿಟ್ಟು ನೆಲ ಅಳೆದದ್ದು) ತೋರಿಸಿ. ಉಚಿತ. ಮರಗಳ ಕೆಳಗಿನ ನೆಲದ ಏರುತಗ್ಗು ಕಾಣುತ್ತದೆ, ಒಳಗೆ ಹೋಗುವ ದಾರಿ ಎಲ್ಲಿತ್ತು ಅಂತ ಅವಳೇ ಹುಡುಕಲಿ. ಮನೆ ಸಮೇತ ಕಂದಕ ನೋಡಬೇಕೆಂದರೆ ಕೆಂಟ್‌ನ ಇಟಮ್ ಮೋಟ್‌ಗೆ ಹೋಗಿ, 14ನೇ ಶತಮಾನದ್ದು, ಸುತ್ತಲೂ ಈಗಲೂ ನೀರಿದೆ.

ಡಿಟೆಕ್ಟರಿಗೆ ಸಂರಕ್ಷಿತವಲ್ಲದ ಬೇರೆ ಹೊಲ ನೋಡಿ, ಮಾಲೀಕರನ್ನು ಮೊದಲೇ ಕೇಳಿ. ಹಳೇದೇನಾದರೂ ಸಿಕ್ಕರೆ, ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ಯೋಜನೆಯಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಸ್ಥಳೀಯ ಅಧಿಕಾರಿಗೆ ತೋರಿಸಿ, ದಾಖಲೆ ಮಾಡಿಕೊಳ್ಳುತ್ತಾರೆ.